ಪೂರ್ವಪಕ್ಷಗಳು ಎಷ್ಟಿರಬೇಕು?

ರಾಜಕೀಯ ಸಂಘಟನೆಗೆ ನಾವು ಬಳಸುವ ‘ಪಕ್ಷ’ ಎಂಬ ಪದ ಬಹಳ ಹಳೆಯದು. ಅದಕ್ಕೆ ಅರ್ಥಗಳೂ ಹಲವು. ಹಕ್ಕಿಯ ರೆಕ್ಕೆಗೆ ಪಕ್ಷವೆನ್ನುತ್ತೇವೆ. ಚಂದ್ರ ಬೆಳೆಯುವ ಹದಿನೈದು ದಿನ ಒಂದು ಪಕ್ಷ, ಸವೆಯುವ ಹದಿನೈದು ದಿನ ಇನ್ನೊಂದು ಪಕ್ಷ. ಈ ಎರಡು ಅರ್ಥಗಳನ್ನೇ ಹಿಡಿದು ಹೊರಟರೆ ಪಕ್ಷಗಳು ಎರಡೇ ಇರಬೇಕು ಅನ್ನಿಸುತ್ತದೆ. ಮೂರು ರೆಕ್ಕೆಯ ಹಕ್ಕಿ ಇಲ್ಲ, ಮೂರು ಪಕ್ಷದ ಚಾಂದ್ರಮಾಸವೂ ಇಲ್ಲ. ದೇಶಕ್ಕೆ ಎರಡು ದೊಡ್ಡ ಪಕ್ಷಗಳು ಸಾಕು, ಒಂದು ಆಳಲಿ, ಇನ್ನೊಂದು ಸರದಿ ಕಾಯಲಿ, ಉಳಿದವು ಬರೀ ಗದ್ದಲ ಎನ್ನುವವರ ಮನಸ್ಸಿನಲ್ಲಿರುವುದೂ ಇಂಥದೇ ಚಿತ್ರ. ಆದರೆ ಈ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಶಾಸ್ತ್ರದಲ್ಲಿ ಪಕ್ಷವೆಂದರೆ ವಾದಕ್ಕಿಟ್ಟ ನಿಲುವು. ಗ್ರಂಥಕಾರ ತನ್ನ ಸಿದ್ಧಾಂತವನ್ನು ಎತ್ತಿದ ಕೂಡಲೇ ಹೇಳಿ ಮುಗಿಸುವಂತಿಲ್ಲ. ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಇಡಬೇಕು, ಅದನ್ನೂ ಎದುರಾಳಿಯೇ ಒಪ್ಪುವಷ್ಟು ಬಲವಾಗಿ ಇಡಬೇಕು. ಆ ಪೂರ್ವಪಕ್ಷ ಒಂದೇ ಇರಬೇಕೆಂದು ಯಾರೂ ನಿಯಮ ಮಾಡಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದಕ್ಕೆ ಬರೆದ ಭಾಷ್ಯದಲ್ಲಿ ಶಂಕರರು ಸಾಂಖ್ಯರು, ವೈಶೇಷಿಕರು, ಬೌದ್ಧರು, ಜೈನರು, ಪಾಶುಪತರು, ಪಾಂಚರಾತ್ರಿಗಳು ಹೀಗೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಎದುರಿಗೆ ಕೂರಿಸಿಕೊಂಡು ವಾದಿಸುತ್ತಾರೆ. ಇವರೆಲ್ಲರನ್ನೂ ‘ಅವೈದಿಕರು’ ಅಥವಾ ‘ಎದುರಾಳಿಗಳು’ ಎಂಬ ಒಂದೇ ಚೀಲಕ್ಕೆ ತುಂಬಿ ಒಂದೇ ಏಟಿಗೆ ಮುಗಿಸಬಹುದಿತ್ತು. ಹಾಗೆ ಮಾಡಿದ್ದರೆ ಅವರ ಸ್ವಂತ ಸಿದ್ಧಾಂತವೇ ಬಡವಾಗುತ್ತಿತ್ತು.

ಒಂದು ದೇಶಕ್ಕೆ ಎರಡಕ್ಕಿಂತ ಹೆಚ್ಚು ಪಕ್ಷಗಳಿದ್ದರೆ ಲಾಭವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅನುಕೂಲದ ಪ್ರಶ್ನೆಯಾಗಿ ಕೇಳುತ್ತಾರೆ: ಸರ್ಕಾರ ಎಷ್ಟು ವರ್ಷ ಬಾಳುತ್ತದೆ, ಎಷ್ಟು ಬೇಗ ನಿರ್ಧಾರವಾಗುತ್ತದೆ, ಎಷ್ಟು ಸಲ ಚುನಾವಣೆ ಬರುತ್ತದೆ. ಆ ಲೆಕ್ಕವೂ ಬೇಕು, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಇದು ಮೊದಲಿಗೆ ತತ್ತ್ವದ ಪ್ರಶ್ನೆ. ಸಾರ್ವಜನಿಕ ಬದುಕಿನ ಸತ್ಯ ಎಂಥದು, ಅದು ಇಬ್ಬರ ನಡುವೆ ಹಂಚಿ ಮುಗಿಯುವಂಥದೇ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳದೆ ಪಕ್ಷಗಳ ಸಂಖ್ಯೆಯ ಬಗ್ಗೆ ಮಾತಾಡುವುದು ಬುನಾದಿಯಿಲ್ಲದ ಮನೆಯ ಮಾಡಿನ ಬಗ್ಗೆ ಮಾತಾಡಿದಂತೆ. ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಜೈನ ತಾರ್ಕಿಕರು. ಹಳಗನ್ನಡ ಕವಿಗಳು ಕಾವ್ಯದ ಮೊದಲಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಈ ವಿಚಾರವನ್ನು ಕಟ್ಟಿದರು, ಅಕಲಂಕರು ಅದಕ್ಕೆ ‘ಅಷ್ಟಶತಿ’ ಎಂಬ ವ್ಯಾಖ್ಯಾನ ಬರೆದರು. ಅವರ ಪ್ರಕಾರ ವಸ್ತುವಿಗೆ ಅನೇಕ ಧರ್ಮಗಳಿವೆ, ಅಂದರೆ ಗುಣಗಳಿವೆ. ಮನುಷ್ಯ ಒಂದು ಸಲಕ್ಕೆ ಒಂದು ಕಡೆಯಿಂದ ಮಾತ್ರ ಅದನ್ನು ಹಿಡಿಯಬಲ್ಲ. ಹಾಗೆ ಒಂದು ಕಡೆಯಿಂದ ಹಿಡಿದ ಅರಿವು ‘ನಯ’. ನಯ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ತಾನೇ ಪೂರ್ತಿ ಎಂದು ಅದು ಹಟ ಹಿಡಿದ ಕ್ಷಣ ‘ದುರ್ನಯ’ವಾಗುತ್ತದೆ. ನಮ್ಮ ಗಾದೆಯ ಮಾತಿನಲ್ಲಿ ಹೇಳುವುದಾದರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನದು ದುರ್ನಯ. ಸಮಂತಭದ್ರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಒಂದಕ್ಕೊಂದು ಅಪೇಕ್ಷೆಯಿಲ್ಲದ ನಯಗಳು ಮಿಥ್ಯೆ, ಪರಸ್ಪರ ಅಪೇಕ್ಷೆಯಿಟ್ಟುಕೊಂಡ ನಯಗಳು ಮಾತ್ರ ನಿಜ, ಅವು ಮಾತ್ರ ಕೆಲಸ ಸಾಧಿಸುತ್ತವೆ. ರಾಜಕೀಯ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕಂಡಿಲ್ಲ. ಪಕ್ಷವೆಂದರೆ ನಯ. ರೈತನ ಕಡೆಯಿಂದ, ಕಾರ್ಮಿಕನ ಕಡೆಯಿಂದ, ವ್ಯಾಪಾರಿಯ ಕಡೆಯಿಂದ, ಒಂದು ಭಾಷೆಯ ಅಥವಾ ಒಂದು ಪ್ರದೇಶದ ಕಡೆಯಿಂದ ದೇಶವನ್ನು ನೋಡಿದ ನೋಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲದ್ದೇ ನಿಜವಾದ ಸಂಪತ್ತು ಎಂದದ್ದು ಇದೇ ನೆಲದ ಮಾತು. ಅಲ್ಲಿ ಸೈರಿಸಬೇಕಾದದ್ದು ಇಂತಿಷ್ಟೇ ವಿಚಾರಗಳನ್ನು ಎಂಬ ಮಿತಿಯಿಲ್ಲ.

ಎರಡು ನೋಟಗಳಿದ್ದರೂ ಅನೇಕವಾಯಿತಲ್ಲ, ಅಷ್ಟು ಸಾಲದೇ ಎಂದು ಕೇಳಬಹುದು. ಸಾಲದು. ಇಬ್ಬರೇ ಇದ್ದಾಗ ಪ್ರತಿಯೊಬ್ಬನೂ ನಿಧಾನವಾಗಿ ‘ಇನ್ನೊಬ್ಬ ಅಲ್ಲದವನು’ ಎಂಬುದಕ್ಕೆ ಇಳಿಯುತ್ತಾನೆ. ಒಬ್ಬನ ನಷ್ಟ ಅಷ್ಟಕ್ಕಷ್ಟೇ ಇನ್ನೊಬ್ಬನ ಲಾಭ. ಆದ್ದರಿಂದ ತನ್ನ ಮಾತನ್ನು ಒಪ್ಪಿಸುವ ಕಷ್ಟಕ್ಕಿಂತ ಎದುರಿನವನ ಮೇಲೆ ಕೆಸರೆರಚುವುದೇ ಸಲೀಸು. ಎರಚಿದ ಕೆಸರು ಅವನಿಗೆ ಮೆತ್ತಿದಷ್ಟೂ ಮತ ಬರುವುದು ತನಗೇ. ಮೂರನೆಯವನೊಬ್ಬ ಪಕ್ಕದಲ್ಲಿ ನಿಂತಿದ್ದರೆ ಈ ಲೆಕ್ಕ ತಪ್ಪುತ್ತದೆ. ಇಬ್ಬರೂ ಕೆಸರಾದರೆ ಜನ ಮೂರನೆಯವನ ಕಡೆ ತಿರುಗಬಹುದು. ಅದಕ್ಕೇ ಮೂವರಿರುವ ಕಡೆ ಬೈಗುಳಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ 1796ರ ತಮ್ಮ ಬೀಳ್ಕೊಡುಗೆಯ ಸಂದೇಶದಲ್ಲಿ ಎರಡು ಬಣಗಳು ಸರದಿಯಂತೆ ಒಂದನ್ನೊಂದು ತುಳಿಯುತ್ತ, ಸೇಡು ತೀರಿಸಿಕೊಳ್ಳುತ್ತ ಹೋಗುವುದನ್ನೇ ಘೋರ ಸರ್ವಾಧಿಕಾರವೆಂದು ಎಚ್ಚರಿಸಿದ್ದರು. ಆ ದೇಶ ಎರಡೇ ಪಕ್ಷಗಳಲ್ಲಿ ನೆಲೆನಿಂತಿತು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಎರಡು ದೊಡ್ಡ ಪಕ್ಷಗಳ ನಡುವಿನ ಅಂತರ 537 ಮತ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಬಂದದ್ದು 97 ಸಾವಿರಕ್ಕೂ ಹೆಚ್ಚು. ಆ 97 ಸಾವಿರ ಜನ ತಮ್ಮ ಮನಸ್ಸಾಕ್ಷಿಗೆ ತಕ್ಕಂತೆ ಮತ ಹಾಕಿದ್ದಕ್ಕೆ, ಮತ ಒಡೆದರೆಂದು, ವರ್ಷಗಟ್ಟಲೆ ನಿಂದೆ ಕೇಳಬೇಕಾಯಿತು. ತನಗೆ ಸರಿ ಕಂಡವರಿಗೆ ಮತ ಹಾಕುವುದೇ ಪಾಪವೆನ್ನಿಸಿಕೊಳ್ಳುವ ವ್ಯವಸ್ಥೆ ಧರ್ಮದ ದೃಷ್ಟಿಯಿಂದ ಎಲ್ಲೋ ಕೆಟ್ಟಿದೆ ಎಂದೇ ಅರ್ಥ.

ಮೂರನೆಯ ನೋಟದಿಂದ ದೇಶಕ್ಕೆ ಏನು ದಕ್ಕುತ್ತದೆ ಎಂಬುದಕ್ಕೆ ಮಲೆನಾಡಿನ ಒಂದು ಹಳ್ಳಿಯನ್ನು ನೋಡಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಗೇಣಿದಾರ ಕಣದಲ್ಲಿ ಭತ್ತ ತೂರಿ ರಾಶಿ ಹಾಕಿದ ಮೇಲೆ ಒಡೆಯನ ಪಾಲನ್ನು ಅಳೆದು ಕೊಡಬೇಕು. ಆ ಅಳತೆಗೆ ಬರುತ್ತಿದ್ದ ಕೊಳಗ ಸರ್ಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಇಂತಿಷ್ಟು ಕೊಳಗ ಎಂದಷ್ಟೇ ಇರುತ್ತದೆ. ಆದರೆ ಪ್ರತಿ ಸಲ ಪಾತ್ರೆ ತುಂಬಿ ಸುರಿದಾಗಲೂ ದುಡಿದವನ ಭತ್ತ ಒಂದಿಷ್ಟು ಹೆಚ್ಚಿಗೆ ಆಚೆ ಹೋಗುತ್ತದೆ. ಲೆಕ್ಕ ಸರಿ, ಅಳತೆಯೇ ತಪ್ಪು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ರೈತ ಸಂಘ ಕಟ್ಟಿ ನ್ಯಾಯದ ಕೊಳಗ ಕೇಳಿದ ಅವರನ್ನು ಭೂಮಿಯಿಂದ ಬಿಡಿಸುವ ಪ್ರಯತ್ನ ನಡೆದಾಗ ಹೋರಾಟ ಸತ್ಯಾಗ್ರಹವಾಯಿತು. ನೂರಾರು ಜನ ಜೈಲಿಗೆ ಹೋದರು. ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಆ ವರ್ಷದ ಜೂನ್‌ನಲ್ಲಿ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆಗ ರಾಜ್ಯವನ್ನೂ ದೇಶವನ್ನೂ ಆಳುತ್ತಿದ್ದ ಕಾಂಗ್ರೆಸ್ಸಿನಲ್ಲಿ ಒಡೆಯರೂ ಇದ್ದರು, ಗೇಣಿದಾರರ ಬಗ್ಗೆ ಕಳಕಳಿಯಿದ್ದವರೂ ಇದ್ದರು. ಎಲ್ಲರನ್ನೂ ಒಳಗಿಟ್ಟುಕೊಂಡ ದೊಡ್ಡ ಪಕ್ಷಕ್ಕೆ ಇಂಥ ಹೊತ್ತಿನಲ್ಲಿ ಬಾಯಿ ಕಟ್ಟುತ್ತದೆ. ಯಾರ ಪರ ಮಾತಾಡಿದರೂ ಮನೆಯೊಳಗೇ ಜಗಳ. ಕಾಗೋಡಿನ ಕೊಳಗವನ್ನು ತನ್ನ ನಯವೆಂದು ಎತ್ತಿಕೊಂಡದ್ದು ಸಣ್ಣದಾಗಿದ್ದ ಸೋಷಲಿಸ್ಟ್ ಪಕ್ಷ. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆ ಪಕ್ಷದ ಶಾಂತವೇರಿ ಗೋಪಾಲಗೌಡರು, ಇನ್ನೂ ಮೂವತ್ತು ತುಂಬದ ಯುವಕ, ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಬಂದರು. ಸದನದಲ್ಲಿ ಅವರ ಪಕ್ಷದವರು ಬೆರಳೆಣಿಕೆಯಷ್ಟು. ಸರ್ಕಾರ ರಚಿಸುವ, ಉರುಳಿಸುವ ಶಕ್ತಿ ಅವರಿಗೆ ಎಂದೂ ಬರಲಿಲ್ಲ. ಆದರೂ ಉಳುವವನೇ ಹೊಲದೊಡೆಯನಾಗಬೇಕು ಎಂಬ ಮಾತು ಅಲ್ಲಿಂದ ಮುಂದೆ ಸದನದ ಕಿವಿಯಿಂದ ಇಳಿಯಲಿಲ್ಲ. ಅದನ್ನು ಪೂರ್ಣ ಬಲದಿಂದ ಕಾಯ್ದೆಯಾಗಿಸಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಗೇಣಿ ಪದ್ಧತಿಯನ್ನೇ ರದ್ದು ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೋಪಾಲಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು. ಆ ಕಾನೂನಿನ ಯಶಸ್ಸು ಅರಸರದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ದಶಕ ಆ ಮಾತನ್ನು ಸಾಯಗೊಡದೆ ಕಾದವರು ಬೇರೆಯವರು. ಇದೇ ಸೀಮೆಯ ಶಿವಮೊಗ್ಗದಿಂದ 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. ದೊಡ್ಡ ಪಕ್ಷಗಳ ಕನ್ನಡಿಗ ಸದಸ್ಯರು ಅದಕ್ಕೂ ಮೊದಲೇ ಅಲ್ಲಿ ಬೇಕಾದಷ್ಟು ಜನ ಇದ್ದರು. ಸಣ್ಣ ಪಕ್ಷದ ಗೆಲುವನ್ನು ಸ್ಥಾನಗಳ ಕೊಳಗದಿಂದ ಅಳೆದರೆ ಅಳತೆ ತಪ್ಪುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಈ ನೋಟಗಳೆಲ್ಲ ಎರಡು ದೊಡ್ಡ ಪಕ್ಷಗಳ ಒಳಗೇ ಬಣಗಳಾಗಿ ಇರಬಾರದೇ? ಒಳಗೇ ಚರ್ಚೆಯಾಗಿ, ಹೊರಗೆ ಎರಡು ಸ್ಪಷ್ಟ ಆಯ್ಕೆಗಳು ಬಂದರೆ ಮತದಾರನಿಗೂ ಅನುಕೂಲವಲ್ಲವೇ? ಬೇರೆ ದೇಶದಲ್ಲಿ ಇದಕ್ಕೆ ಉತ್ತರ ಬೇರೆಯಿರಬಹುದು. ಅಮೆರಿಕದ ಸೆನೆಟರ್ ತನ್ನ ಪಕ್ಷದ ವಿರುದ್ಧ ಮತ ಹಾಕಿಯೂ ಸೆನೆಟರ್ ಆಗಿಯೇ ಉಳಿಯುತ್ತಾನೆ. ಒಂದೇ ಪಕ್ಷದೊಳಗೆ ಹತ್ತು ನಯಗಳು ಬಹಿರಂಗವಾಗಿ ಬಾಳಲು ಅಲ್ಲಿ ಅವಕಾಶವಿದೆ. ಭಾರತದಲ್ಲಿ ಆ ಬಾಗಿಲು ಮುಚ್ಚಿದೆ. ನಮ್ಮ ಮೂಲ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬ ಮಾತೇ ಇರಲಿಲ್ಲ. ಅದು ಒಳಗೆ ಬಂದದ್ದು 1985ರ 52ನೇ ತಿದ್ದುಪಡಿಯಿಂದ, ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯ ಮೂಲಕ. ಅಂದಿನಿಂದ ವಿಪ್ ಅನ್ನು, ಅಂದರೆ ಪಕ್ಷದ ಆದೇಶವನ್ನು, ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗಿಗೆ ಮದ್ದೆಂದು ತಂದ ಕಾನೂನು ಸದಸ್ಯನ ಆತ್ಮಸಾಕ್ಷಿಗೂ ಬೀಗ ಹಾಕಿತು. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. 224 ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಎರಡೇ ಪಕ್ಷಗಳಿದ್ದರೆ ಮತಕ್ಕೆ ಹಾಕಿದ ಪ್ರತಿ ವಿಷಯದಲ್ಲೂ ಕೇಳಿಸುವುದು ಎರಡೇ ದನಿ. ಉಳಿದ ದನಿಗಳು ಪಕ್ಷದ ಕಚೇರಿಯ ಮುಚ್ಚಿದ ಕೋಣೆಯಲ್ಲಿ ಎದ್ದು ಅಲ್ಲೇ ಅಡಗುತ್ತವೆ. ಅಲ್ಲಿ ಯಾರು ಏನು ಹೇಳಿದರು, ಯಾವ ಕಾರಣಕ್ಕೆ ಸುಮ್ಮನಾದರು ಎಂಬುದಕ್ಕೆ ಕಡತವಿಲ್ಲ. ಪೂರ್ವಪಕ್ಷವನ್ನು ಸಭೆಯ ಎದುರಿಗೆ ಇಡಬೇಕೆಂಬ ಶಾಸ್ತ್ರದ ನಿಯಮಕ್ಕೆ ಒಂದು ಕಾರಣವಿದೆ: ಕೇಳುವವರಿಗೆ ಎರಡೂ ಮಾತು ಗೊತ್ತಾಗಬೇಕು. ವಿಪ್ಪಿನ ಕಾನೂನು ಹೀಗೇ ಇರುವ ತನಕ ಹೊಸ ನೋಟಕ್ಕೆ ಸದನದಲ್ಲಿ ಬಾಯಿ ಸಿಗಬೇಕಾದರೆ ಅದಕ್ಕೆ ತನ್ನದೇ ಪಕ್ಷ ಬೇಕು.

ಪಕ್ಷಗಳೇ ಬೇಡ ಎಂದವರೂ ನಮ್ಮಲ್ಲಿದ್ದಾರೆ. ಎಂ.ಎನ್. ರಾಯ್ ಮತ್ತು ಜಯಪ್ರಕಾಶ ನಾರಾಯಣರು ಪಕ್ಷರಹಿತ ಪ್ರಜಾಪ್ರಭುತ್ವದ ಕನಸು ಕಂಡರು. ಅವರ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ಆದರೆ ನಯವನ್ನೇ ಬಿಟ್ಟು ಪೂರ್ಣವನ್ನು ನೇರವಾಗಿ ಹಿಡಿಯಲು ಜೈನರು ಹೇಳುವ ಕೇವಲಜ್ಞಾನಿಯೇ, ಎಲ್ಲವನ್ನೂ ಬಲ್ಲವನೇ ಆಗಬೇಕು. ಉಳಿದ ನಮಗೆಲ್ಲ ದಾರಿ ನಯದ ಮೂಲಕವೇ.

ಇನ್ನು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಅದನ್ನು ಅತ್ಯಂತ ಬಲವಾಗಿ ಇಟ್ಟವರು ಶಂಕರರೇ. ಜೈನರ ಈ ವಿಚಾರವನ್ನು, ಅಂದರೆ ಅನೇಕಾಂತವಾದವನ್ನು, ಖಂಡಿಸುತ್ತ ಅವರು ಕೇಳುತ್ತಾರೆ: ಒಂದೇ ವಸ್ತುವಿನಲ್ಲಿ ಒಂದೇ ಕಾಲಕ್ಕೆ ಪರಸ್ಪರ ವಿರುದ್ಧವಾದ ಧರ್ಮಗಳು ಹೇಗೆ ನಿಲ್ಲುತ್ತವೆ? ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು ಎನ್ನುವ ಗುರು ಉಪದೇಶ ಮಾಡುವುದಾದರೂ ಏನನ್ನು, ಶಿಷ್ಯ ನಡೆಯುವುದಾದರೂ ಯಾವುದನ್ನು ನಂಬಿ? ರಾಜಕೀಯದ ಭಾಷೆಯಲ್ಲಿ ಇದೇ ಮಾತು: ಹತ್ತು ಪಕ್ಷಗಳು ಸೇರಿ ನಡೆಸುವ ಸರ್ಕಾರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಅದು ಯಾವ ನಿರ್ಧಾರವನ್ನೂ ಮಾಡದು. ಇದಕ್ಕೆ ಜೈನರ ಉತ್ತರ ಕುತೂಹಲಕರ. ತಮ್ಮ ಮಾತಿಗೆ ಜೋಡಿಸುವ ‘ಸ್ಯಾತ್’ ಎಂಬ ಪದಕ್ಕೆ ಸಂಶಯವೆಂಬ ಅರ್ಥವಿಲ್ಲ ಎನ್ನುತ್ತಾರೆ ಅವರು. ಯಾವ ದೃಷ್ಟಿಯಿಂದ, ಯಾವ ಮಟ್ಟಿಗೆ ಎಂದು ಹೇಳಿ ನುಡಿದ ಮಾತು ಹಾಗೆ ಹೇಳದೆ ನುಡಿದ ಮಾತಿಗಿಂತ ಹೆಚ್ಚು ಖಚಿತ. ಎಲ್ಲೆ ಹಾಕಿಕೊಂಡ ನಿರ್ಧಾರವೂ ನಿರ್ಧಾರವೇ. ಈ ಉತ್ತರ ಬರೀ ಮಾತಿನ ಜಾಣತನವೋ, ನಡೆಯುವಂಥದೋ ಎಂಬುದನ್ನು ನಮ್ಮ ರಾಜ್ಯದ ಚರಿತ್ರೆಯಲ್ಲೇ ಒರೆಗೆ ಹಚ್ಚಬಹುದು.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದಾಗ ಜನತಾ ಪಕ್ಷಕ್ಕೆ ಬಹುಮತವಿರಲಿಲ್ಲ. ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತ್ತು. ಇಂಥ ಸರ್ಕಾರ ಏನು ಮಾಡೀತು ಎಂದುಕೊಳ್ಳುವುದು ಸಹಜ. ಆದರೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾಯ್ದೆ ರೂಪುಗೊಂಡದ್ದು ಈ ಅವಧಿಯಲ್ಲೇ, ಸಚಿವ ಅಬ್ದುಲ್ ನಜೀರ್ ಸಾಬರ ಕೈಯಲ್ಲಿ. ಹಳ್ಳಿಯ ಆಡಳಿತದಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟ ಆ ಕಾಯ್ದೆ ಬಂದು ಒಂದು ದಶಕವಾದ ಮೇಲೆ ದೇಶದ ಸಂವಿಧಾನ 73ನೇ ತಿದ್ದುಪಡಿಯ ಮೂಲಕ ಆ ದಾರಿಗೆ ಬಂತು. 1984ರ ಲೋಕಾಯುಕ್ತ ಕಾಯ್ದೆಯೂ ಅದೇ ಕಾಲದ್ದು. ಕರ್ನಾಟಕದ ಅತ್ಯಂತ ಮುಖ್ಯವಾದ ಎರಡು ಶಾಸನಗಳು ಸ್ವಂತ ಬಹುಮತವಿಲ್ಲದ ಸರ್ಕಾರದಿಂದ ಹುಟ್ಟಿದವು. ಈಗ ಇದರ ಎದುರಿಗೆ 1989ನ್ನು ಇಡಿ. ಆ ವರ್ಷ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಅಂಥ ಬಹುಮತ ಯಾರಿಗೆ ಬೇಡ! ಐದು ವರ್ಷದಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳು ಬಂದರು, ನಡುವೆ ಕೆಲವು ದಿನ ರಾಷ್ಟ್ರಪತಿ ಆಳ್ವಿಕೆಯೂ ಬಂತು. 2008ರಿಂದ 2013ರವರೆಗೆ ಬಿಜೆಪಿ ಆಳಿದಾಗಲೂ ಯಡಿಯೂರಪ್ಪ, ಸದಾನಂದ ಗೌಡ, ಜಗದೀಶ ಶೆಟ್ಟರ್ ಎಂದು ಮೂವರು. ಈ ಎರಡೂ ಕಾಲದ ಅಸ್ಥಿರತೆಗೆ ಮಿತ್ರಪಕ್ಷಗಳು ಕಾರಣವಲ್ಲ, ಹೆಚ್ಚಾಗಿ ಮನೆಯೊಳಗಿನ ಜಗಳ ಕಾರಣ. ಕೇಂದ್ರದಲ್ಲೂ ಮಾಹಿತಿ ಹಕ್ಕು ಕಾಯ್ದೆ ಮತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಎರಡೂ 2005ರಲ್ಲಿ ಬಂದದ್ದು ಎಡಪಕ್ಷಗಳ ಬೆಂಬಲದ ಮೇಲೆ ನಿಂತಿದ್ದ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ. ಬೇರೆಯವರ ಒಪ್ಪಿಗೆ ಕೇಳಬೇಕಾದ ಸರ್ಕಾರ ನಿಧಾನವಾಗಿ ನಡೆಯಬಹುದು, ನಿಜ. ಆದರೆ ಅಧಿಕಾರವನ್ನು ಹಂಚುವ, ಅಧಿಕಾರಕ್ಕೆ ಲೆಕ್ಕ ಕೇಳುವ ಕಾನೂನುಗಳು ಹೆಚ್ಚಾಗಿ ಅಂಥ ಸರ್ಕಾರಗಳಿಂದಲೇ ಬಂದಿರುವುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ತನ್ನ ಬಲ ಪೂರ್ತಿಯಲ್ಲ ಎಂದು ಬಲ್ಲವನಿಗೆ ಅಧಿಕಾರ ಹಂಚುವ ಮನಸ್ಸು ಬೇಗ ಬರುತ್ತದೆ.

ಹಾಗೆಂದು ಬಹುಪಕ್ಷಗಳ ಎಲ್ಲ ಆಟವನ್ನೂ ಸಮರ್ಥಿಸಲು ಬರುವುದಿಲ್ಲ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಮತದಿಂದ ಬಿತ್ತು. ಬೀಳಿಸಿದವರಿಗೆ ಬದಲಿ ಸರ್ಕಾರ ಕಟ್ಟಲಾಗಲಿಲ್ಲ. ದೇಶ ಮತ್ತೆ ಚುನಾವಣೆಗೆ ಹೋಯಿತು. ‘ಇದು ಬೇಡ’ ಎನ್ನುವುದರಲ್ಲಿ ಎಲ್ಲರೂ ಒಂದಾಗಿ ‘ಇದು ಬೇಕು’ ಎನ್ನುವುದರಲ್ಲಿ ಯಾರೂ ಒಂದಾಗದ ಸ್ಥಿತಿ ಅದು. ನಾಸ್ತಿ ಇತ್ತು, ಅಸ್ತಿ ಇರಲಿಲ್ಲ. ಪಕ್ಷಗಳ ಕಚ್ಚಾಟದಿಂದ ವೈಮಾರ್ ಗಣರಾಜ್ಯ ಕುಸಿದು ಹಿಟ್ಲರ್‌ನಿಗೆ ದಾರಿಯಾದದ್ದನ್ನು ಕಂಡ ಜರ್ಮನ್ನರು ಯುದ್ಧದ ನಂತರ ಸಂವಿಧಾನ ಬರೆಯುವಾಗ ಇದಕ್ಕೆ ಒಂದು ಮದ್ದು ಕಂಡುಕೊಂಡರು. ಅಲ್ಲಿ ಮುಂದಿನ ಚಾನ್ಸಲರ್ ಯಾರೆಂದು ಹೆಸರಿಸಿ ಗೆಲ್ಲಿಸದೆ ಇಂದಿನ ಚಾನ್ಸಲರನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹೀಗೆ, ಒಂದೇ ಮತದಾನದಲ್ಲಿ. ಜೊತೆಗೆ, ಸಾಮಾನ್ಯವಾಗಿ ಶೇ 5ರಷ್ಟಾದರೂ ಮತ ಪಡೆಯದ ಪಕ್ಷಕ್ಕೆ ಅಲ್ಲಿನ ಸಂಸತ್ತಿನಲ್ಲಿ ಪಾಲಿಲ್ಲ. ಪಕ್ಷಗಳು ಹಲವಿದ್ದೂ ಆ ದೇಶ ದಶಕಗಟ್ಟಲೆ ಸ್ಥಿರವಾಗಿ ನಡೆದಿದೆ. ವೈಮಾರ್‌ನ ಪಾಠವನ್ನು ಎಲ್ಲರಿಗಿಂತ ನೋವುಂಡು ಕಲಿತವರೇ ಎರಡು ಪಕ್ಷಕ್ಕೆ ಇಳಿಯಲಿಲ್ಲ. ಹಲವು ಪಕ್ಷಗಳು ಪರಸ್ಪರ ಅಪೇಕ್ಷೆಯಿಂದ ಬಾಳಲೇಬೇಕಾದ ಕಟ್ಟು ಹಾಕಿದರು.

ನಮ್ಮಲ್ಲಿ ಕೊರತೆಯಿರುವುದು ಈ ಕಟ್ಟಿನದು. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಎಂದು ಮಾತಾಡಿಕೊಂಡವು. ಸರದಿ ಬಂದಾಗ ಮಾತು ನಿಲ್ಲಲಿಲ್ಲ. 2007ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಯಾದ ಯಡಿಯೂರಪ್ಪನವರು ಏಳು ದಿನಕ್ಕೆ ರಾಜೀನಾಮೆ ಕೊಡಬೇಕಾಯಿತು. 2018ರಲ್ಲಿ ಕಾಂಗ್ರೆಸ್ ಜೊತೆ ಸೇರಿ ಜೆಡಿಎಸ್‌ನ ಕುಮಾರಸ್ವಾಮಿಯವರು ಸರ್ಕಾರ ಮಾಡಿದರು. 2019ರ ಜುಲೈ 23ರಂದು 99ಕ್ಕೆ 105 ಮತಗಳಿಂದ ಅದು ಬಿತ್ತು. ಹದಿನೇಳು ಶಾಸಕರು ಅನರ್ಹರಾದರು. ಅವರಲ್ಲಿ ಹೆಚ್ಚಿನವರು ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಗೆದ್ದು ಬಂದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತನ್ನೇ ರಾಜನೀತಿ ಮಾಡಿಕೊಂಡ ಪಕ್ಷ ನಯವಾಗಿ ಉಳಿಯುವುದಿಲ್ಲ. ಇಂದು ಇವರ ಜೊತೆ, ನಾಳೆ ಅವರ ಜೊತೆ ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ಷರತ್ತಿಗೆ, ಯಾವ ಕೆಲಸಕ್ಕೆ ಎಂಬುದನ್ನು ಜನರ ಮುಂದಿಟ್ಟು ಹೋದರೆ ಅದೇ ಸಮಂತಭದ್ರರು ಹೇಳಿದ ಪರಸ್ಪರ ಅಪೇಕ್ಷೆ. ಏನೂ ಹೇಳದೆ ಹೋದರೆ ಅದು ಬೆಲೆ ಕಟ್ಟಿಸಿಕೊಳ್ಳುವುದು. ಬೋರ್ಡುಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ನೋಟಗಳ ಸಂಖ್ಯೆ ಹೆಚ್ಚುವುದಿಲ್ಲ. ಒಂದು ಮನೆತನದ ಹೆಸರಿನಲ್ಲಿ, ಒಬ್ಬ ನಾಯಕನ ಮುನಿಸಿನಲ್ಲಿ ಹುಟ್ಟಿದ ಪಕ್ಷ ಎಷ್ಟು ಸೀಟು ಗೆದ್ದರೂ ನನ್ನ ಲೆಕ್ಕದಲ್ಲಿ ಮೂರನೆಯ ಪಕ್ಷವಲ್ಲ. ಆದರೆ ಮೇಲುಕೋಟೆಯಲ್ಲಿ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 2013ರಲ್ಲಿ ಒಬ್ಬರೇ ಗೆದ್ದು ಬಂದರೂ ಅವರು ಎದ್ದು ನಿಂತಾಗ ಮಾತಾಡುತ್ತಿದ್ದುದು ಒಂದು ನಿಲುವು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ಮತ ಒಡೆಯುವ ಮಾತು. ಪಕ್ಷಗಳು ಹೆಚ್ಚಾದರೆ ಅಲ್ಪಮತದವರು ಆಳುತ್ತಾರೆ ಎನ್ನುತ್ತಾರೆ. ಅಂಕಿಅಂಶ ಅವರ ಕಡೆಗೇ ಇದೆ. 2018ರಲ್ಲಿ ಕರ್ನಾಟಕದಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ 36ರಷ್ಟು ಪಡೆದ ಬಿಜೆಪಿಗೆ 104. 2008ರಲ್ಲೂ ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸ್ಥಾನ ಬಿಜೆಪಿಗೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿಗೆ ಎರಡು ಕೋಟಿಗೂ ಹೆಚ್ಚು ಜನ ಮತ ಹಾಕಿದರು. ಬಂದ ಸ್ಥಾನ ಸೊನ್ನೆ. ಇಲ್ಲಿಯೂ ತಪ್ಪು ಕೊಳಗದ್ದೇ. ಹೆಚ್ಚು ಮತ ಬಂದವನು ಅರ್ಧಕ್ಕಿಂತ ಕಡಿಮೆ ಬಂದರೂ ಗೆದ್ದ ಎಂಬ ಎಣಿಕೆಯ ಪದ್ಧತಿ ಇಬ್ಬರೇ ಸ್ಪರ್ಧಿಗಳಿಗಾಗಿ ಹೊಲಿದ ಅಂಗಿ. ಮೂವರು ನಿಂತಾಗ ಅದು ಹರಿಯುತ್ತದೆ. ಅಂಗಿ ಹರಿಯಿತೆಂದು ಮೂರನೆಯವನನ್ನು ಹೊರಗೆ ಕಳಿಸಬೇಕೋ, ಅಂಗಿ ಬದಲಿಸಬೇಕೋ? ಬೇರೆ ಅಂಗಿ ನಮ್ಮಲ್ಲೇ ಇದೆ, ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಅದು ಗೊತ್ತು. ಅಲ್ಲಿ ಗುಂಡಿ ಒತ್ತುವ ಯಂತ್ರವಿಲ್ಲ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ, ಮೊದಲು ಬೇಕಾದವರ ಹೆಸರಿನ ಮುಂದೆ 1 ಎಂದು ಬರೆಯಬೇಕು. ಆಮೇಲೆ ಮನಸ್ಸಿದ್ದರೆ 2, 3 ಎಂದು ಮುಂದುವರಿಸಬಹುದು. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಹಂಚುತ್ತಾರೆ. ರಾಷ್ಟ್ರಪತಿಯ ಆಯ್ಕೆಯೂ ಹೀಗೇ, 1969ರಲ್ಲಿ ವಿ.ವಿ. ಗಿರಿಯವರು ಗೆದ್ದದ್ದು ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ. ಈ ಪದ್ಧತಿಯಲ್ಲಿ ಮನಸ್ಸಿಗೆ ಒಪ್ಪಿದ ಸಣ್ಣ ಪಕ್ಷಕ್ಕೆ 1 ಬರೆದವನು ಮತ ವ್ಯರ್ಥವಾಯಿತೆಂದು ಕೊರಗಬೇಕಿಲ್ಲ, ಮತ ಒಡೆದೆ ಎಂಬ ನಿಂದೆಯನ್ನೂ ಕೇಳಬೇಕಿಲ್ಲ. ಅಭ್ಯರ್ಥಿಯ ನಾಲಗೆಯೂ ಮೆತ್ತಗಾಗುತ್ತದೆ: ಎದುರಾಳಿಯ ಬೆಂಬಲಿಗನಿಂದ 2 ಬೇಕಾದವನು ಎದುರಾಳಿಯನ್ನು ದೇಶದ್ರೋಹಿ ಎನ್ನಲು ಹಿಂಜರಿಯುತ್ತಾನೆ.

ಈ ಪದ್ಧತಿಯ ಬಳಗದ್ದೇ ಆದ, ಮತಕ್ಕೆ ತಕ್ಕಷ್ಟು ಸ್ಥಾನ ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯದ ಬೇಡಿಕೆ ಸಂವಿಧಾನ ಸಭೆಯಲ್ಲೂ ಬಂದಿತ್ತು. 1949ರ ಜನವರಿಯಲ್ಲಿ ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಅವರು ಕೊಟ್ಟ ಒಂದು ಕಾರಣ ಸ್ಥಿರ ಸರ್ಕಾರದ ಅಗತ್ಯ. ಅದಕ್ಕೆ ಮೇಲೆ ನನಗೆ ತಿಳಿದ ಉತ್ತರ ಹೇಳಿದ್ದೇನೆ. ಇನ್ನೊಂದು ಕಾರಣ ಸಾಕ್ಷರತೆ: ಈ ಪದ್ಧತಿಗೆ ಮತದಾರನಿಗೆ ಕನಿಷ್ಠ ಅಂಕಿಗಳನ್ನು ಗುರುತಿಸಲು ಬರಬೇಕು, ಈ ದೇಶದಲ್ಲಿ ಅಷ್ಟು ಜನ ಓದಿದವರಿಲ್ಲ ಎಂದರು. ಅಂದು ಅದು ಸರಿಯಾದ ಮಾತು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ಶೇ 18ರ ಆಸುಪಾಸಿನಲ್ಲಿದ್ದರು. 2011ರ ಹೊತ್ತಿಗೆ ಕರ್ನಾಟಕದಲ್ಲಿ ಆ ಪ್ರಮಾಣ ಶೇ 75 ದಾಟಿತ್ತು. ಇಂದು ಸಂತೆಗೆ ಬಂದ ಅಜ್ಜಿಯೂ ಮೊಬೈಲಿನಲ್ಲಿ ಹತ್ತು ಅಂಕಿ ಒತ್ತಿ ಮಗಳಿಗೆ ಕರೆ ಮಾಡುತ್ತಾಳೆ. ಅವಳಿಗೆ 1, 2, 3 ಬರೆಯಲು ಬಾರದೆಂದು ಹೇಳುವ ಧೈರ್ಯ ಯಾರಿಗಿದೆ? ಪದವಿಯ ಕಾಗದವಿದ್ದವರಿಗೆ ಮಾತ್ರ ಮನಸ್ಸಿನ ಮೊದಲ, ಎರಡನೆಯ, ಮೂರನೆಯ ಮಾತನ್ನು ಹೇಳಲು ಬಿಟ್ಟು, ಉಳಿದ ಕೋಟಿಗಟ್ಟಲೆ ಜನಕ್ಕೆ ಒಂದೇ ಮಾತು ಹೇಳಿ ಹೊರಡಿ ಎನ್ನುವುದು ನ್ಯಾಯವಲ್ಲ. ಮುಂದಿನ ಸಲ ಮತ ಕೇಳಲು ಮನೆಗೆ ಬರುವವರು ಯಾವ ಪಕ್ಷದವರೇ ಆಗಿರಲಿ, ಪ್ರಾಶಸ್ತ್ಯದ ಮತವನ್ನು ವಿಧಾನಸಭೆಗೂ ತರುವಿರಾ ಎಂದು ಅವರನ್ನು ಕೇಳಿ, ಉತ್ತರ ಬರುವವರೆಗೆ ಬಾಗಿಲಲ್ಲೇ ನಿಲ್ಲಿಸಿಕೊಳ್ಳಿ.